ಇಂಪೆಟಸ್ ಎಂದರೆ ಸಂವೇಗವಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ತಮ್ಮ ಪತ್ರಿಕೆಯ ವಿದ್ಯಾರ್ಥಿ ಪುಟದಲ್ಲಿ ‘ಇಂಪೆಟಸ್’ ಎಂಬ ಇಂಗ್ಲಿಷ್ ಪದಕ್ಕೆ ‘ಸಂವೇಗ’ ಎಂದು ಅರ್ಥ ಕೊಟ್ಟು, ಅದು ‘ಚಲಿಸು’ ಎಂಬ ಲ್ಯಾಟಿನ್ ಧಾತುವಿನಿಂದ ಬಂದಿದೆ ಎಂದು ಬರೆಯಲಾಗಿತ್ತು. ಎರಡೂ ತಪ್ಪು. ಎಸ್ಸೆಸ್ಸೆಲ್ಸಿ ಮಕ್ಕಳು ಆ ಪುಟವನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಳ್ಳುತ್ತಾರೆ. ಅದಕ್ಕಾಗಿ ಸುಮ್ಮನಿರಲಾರದೆ ಬರೆಯುತ್ತಿದ್ದೇನೆ.

ಚಲಿಸು ಎಂಬರ್ಥದ ‘ಮೊವೆರೆ’ಯಿಂದ ಹುಟ್ಟಿದ್ದು ‘ಮೊಮೆಂಟಮ್’. ಕ್ಷಣವನ್ನು ಸೂಚಿಸುವ ‘ಮೊಮೆಂಟ್’ ಕೂಡ ಅದೇ ಮನೆಯದು. ನಮ್ಮ ಪಠ್ಯಪುಸ್ತಕದ ಸಂವೇಗ, ಅಂದರೆ ದ್ರವ್ಯರಾಶಿ ಮತ್ತು ವೇಗಗಳ ಗುಣಲಬ್ಧ, ಈ ಮೊಮೆಂಟಮ್. ಇಂಪೆಟಸ್ಸಿನ ಮೂಲ ‘ಪೆತೆರೆ’. ಗುರಿಯತ್ತ ಧಾವಿಸು, ಅರಸು, ಬೇಡು, ಮೇಲೆ ಬೀಳು ಎಂಬ ಅರ್ಥಗಳೆಲ್ಲ ಅದಕ್ಕುಂಟು. ಮುಂದೆ ‘ಇನ್’ ಸೇರಿದಾಗ ದಾಳಿ ಮಾಡು ಎಂಬ ಅರ್ಥ ಗಟ್ಟಿಯಾಯಿತು. ಜೂಲಿಯಸ್ ಸೀಸರ್ ತನ್ನ ಗಾಲ್ ಯುದ್ಧದ ಬರಹದಲ್ಲಿ, ಪಡೆ ನುಗ್ಗಿ ಬರುವ ರಭಸವನ್ನು ಮತ್ತೆ ಮತ್ತೆ ಇಂಪೆಟಸ್ ಎಂದೇ ಕರೆಯುತ್ತಾನೆ. ಅದೇ ಬೇರಿನಿಂದ ‘ಪೆಟಿಷನ್’ ಎಂಬ ಅರ್ಜಿಯೂ ಬಂದಿದೆ.

ದಾಳಿಗೂ ಬೇಡಿಕೆಗೂ ಒಂದೇ ಧಾತುವೇ ಎಂದು ಅಚ್ಚರಿಪಡಬೇಕಿಲ್ಲ. ನಮ್ಮ ‘ಎರಗು’ ಪದವನ್ನು ನೋಡಿ. ಹದ್ದು ಕೋಳಿಮರಿಯ ಮೇಲೆ ಎರಗುತ್ತದೆ, ಸೈನಿಕರು ವೈರಿಯ ಮೇಲೆ ಎರಗುತ್ತಾರೆ, ಭಕ್ತರು ಪಾದಕ್ಕೆ ಎರಗುತ್ತಾರೆ.

ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಭೌತವಿಜ್ಞಾನ ಕಲಿಸಿದ್ದೇನೆ. ಜಡತ್ವದ ಪಾಠದ ದಿನ ನನ್ನ ಸೈಕಲ್ಲನ್ನು ತರಗತಿಗೆ ತಂದು ತಲೆಕೆಳಗಾಗಿ ನಿಲ್ಲಿಸಿ, ಹಿಂದಿನ ಚಕ್ರವನ್ನು ಜೋರಾಗಿ ತಿರುಗಿಸಿ ಕೈ ಬಿಡುತ್ತಿದ್ದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಕೈ ತೆಗೆದ ಮೇಲೂ ಅದನ್ನು ಯಾರು ತಿರುಗಿಸುತ್ತಿದ್ದಾರೆ ಟೀಚರ್?” ಎಂದು ಕೇಳಿದಳು. ಹದಿನಾಲ್ಕನೆಯ ಶತಮಾನದಲ್ಲಿ ಪ್ಯಾರಿಸ್ಸಿನ ತತ್ತ್ವಜ್ಞಾನಿ ಝಾನ್ ಬುರಿಡಾನ್ ತಿರುಗುವ ಸಾಣೆಕಲ್ಲನ್ನು ಮುಂದಿಟ್ಟುಕೊಂಡು ಕೇಳಿದ್ದೂ ಇದನ್ನೇ. ಎಸೆದ ಕಲ್ಲನ್ನು ಸುತ್ತಲಿನ ಗಾಳಿ ಮುಂದೆ ತಳ್ಳುತ್ತದೆ ಎಂದು ಅರಿಸ್ಟಾಟಲ್ ಹೇಳಿದ್ದನು. ಬುರಿಡಾನ್ ಒಪ್ಪಲಿಲ್ಲ. ದೂರ ಜಿಗಿಯಬೇಕಾದವನು ಹಿಂದೆ ಸರಿದು ಓಡಿ ಬರುತ್ತಾನೆ; ಆಗ ಗಾಳಿ ಬೆನ್ನನ್ನು ತಳ್ಳುವುದಿಲ್ಲ, ಎದೆಗೆ ಅಡ್ಡ ಬರುತ್ತದೆ ಎಂದು ತೋರಿಸಿದನು. ಎಸೆಯುವವನು ವಸ್ತುವಿನೊಳಗೆ ಇಂಪೆಟಸ್ ತುಂಬುತ್ತಾನೆ, ವಸ್ತುವಿನಲ್ಲಿರುವ ದ್ರವ್ಯ ಹೆಚ್ಚಿದಷ್ಟೂ ವೇಗ ಹೆಚ್ಚಿದಷ್ಟೂ ಅದು ಹೆಚ್ಚು ಎಂಬುದು ಅವನ ಉತ್ತರ. ಇಂದಿನ ಸಂವೇಗಕ್ಕೆ ಇದು ಎಷ್ಟೊಂದು ಹತ್ತಿರ! ಆದರೂ ಅವನ ಇಂಪೆಟಸ್ ಚಲನೆಯನ್ನು ಉಳಿಸುವ ಒಂದು ಕಾರಣ. 1687ರಲ್ಲಿ ನ್ಯೂಟನ್ನನ ನಿಯಮಗಳು ಪ್ರಕಟವಾದ ಮೇಲೆ ಅಂಥ ಕಾರಣದ ಅಗತ್ಯವೇ ಉಳಿಯಲಿಲ್ಲ; ಹೊರಗಿನ ಬಲ ತಡೆಯದಿದ್ದರೆ ಚಲಿಸುವ ವಸ್ತು ತಾನಾಗಿಯೇ ಚಲಿಸುತ್ತಿರುತ್ತದೆ ಎನ್ನುತ್ತದೆ ಅವನ ಮೊದಲನೆಯ ನಿಯಮ. ಇಂಪೆಟಸ್ಸನ್ನೂ ಸಂವೇಗವನ್ನೂ ಒಂದೇ ಎಂದು ಕಲಿತ ಮಗು ಆ ಮೊದಲನೆಯ ನಿಯಮದಲ್ಲೇ ಎಡವುತ್ತದೆ. ಹಾಗೆ ಎಡವಿದ ಎಷ್ಟೋ ಉತ್ತರಪತ್ರಿಕೆಗಳನ್ನು ತಿದ್ದಿದ್ದೇನೆ.

ಇಂದಿನ ಇಂಗ್ಲಿಷಿನಲ್ಲಿ ಇಂಪೆಟಸ್ ಎಂದರೆ ಹೆಚ್ಚಾಗಿ ಒತ್ತಾಸೆ, ಉತ್ತೇಜನ. ಕನ್ನಡದಲ್ಲಿ ಇವೆರಡೇ ಸಾಕು.

ಇನ್ನೊಂದು ಮಾತು. ಲ್ಯಾಟಿನ್ನಿನ ಪೆತೆರೆಗೂ ಸಂಸ್ಕೃತದ ‘ಪತ್’ ಧಾತುವಿಗೂ ಮೂಲ ಒಂದೇ. ಪತ್ ಎಂದರೆ ಹಾರು, ಬೀಳು. ಪತನ, ಪತಂಗ ಅದರಿಂದಲೇ ಬಂದವು. ‘ಪತ್ರ’ವೂ ಅಷ್ಟೆ: ರೆಕ್ಕೆ, ಗರಿ ಎಂಬ ಅರ್ಥದಿಂದ ಎಲೆಗೆ, ಎಲೆಯಿಂದ ಬರೆದ ಓಲೆಗೆ ಬಂದ ಪದ. ತಮ್ಮ ಪತ್ರಿಕೆಯೂ ನನ್ನ ಈ ಪತ್ರವೂ ಇಂಪೆಟಸ್ಸಿನ ದೂರದ ನೆಂಟರು. ಇದನ್ನು ತರಗತಿಯಲ್ಲಿ ಹೇಳಿದಾಗ ಮಕ್ಕಳ ಮುಖ ಅರಳುತ್ತಿದ್ದುದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ದಯವಿಟ್ಟು ತಿದ್ದುಪಡಿಯನ್ನು ಅದೇ ವಿದ್ಯಾರ್ಥಿ ಪುಟದಲ್ಲಿ, ಮಕ್ಕಳಿಗೆ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ ಪ್ರಕಟಿಸಿ.

ನಿವೃತ್ತ ವಿಜ್ಞಾನ ಶಿಕ್ಷಕಿ, ತಿಪಟೂರು