ಅಡ್ವಾನ್ಸ್ ಮತ್ತು ಪೇಂಟಿಂಗ್: ಶ್ರಾವಣದಿಂದ ಬದಲಾಗುವ ನಮ್ಮ ಕ್ರಮ

ಆತ್ಮೀಯ ಮನೆ ಮಾಲೀಕರೇ,

ನಮಸ್ಕಾರ. ಸುತ್ತಿ ಬಳಸದೆ ವಿಷಯಕ್ಕೇ ಬರುತ್ತೇವೆ. ನಿಮ್ಮ ಬಾಡಿಗೆ ಮನೆಗಳನ್ನು ನೋಡಿಕೊಳ್ಳುವ ನಾವು ಈ ಶ್ರಾವಣದಿಂದ ಮಾಡಿಸುವ ಹೊಸ ಅಗ್ರಿಮೆಂಟ್‌ಗಳಲ್ಲಿ ಅಡ್ವಾನ್ಸ್ ಮೂರು ತಿಂಗಳ ಬಾಡಿಗೆಯಷ್ಟೇ ಇರುತ್ತದೆ. ‘ಖಾಲಿ ಮಾಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳಲಾಗುವುದು’ ಎನ್ನುವ ಸಾಲು ಇರುವುದಿಲ್ಲ. ಬದಲಿಗೆ ಬೀಗದ ಕೈ ಕೊಡುವ ಮೊದಲು ಇಡೀ ಮನೆ ನೋಡಿ, ಫೋಟೊ ತೆಗೆದು, ಪಟ್ಟಿ ಮಾಡಿ, ಎರಡೂ ಕಡೆಯವರ ಸಹಿ ಹಾಕಿಸುತ್ತೇವೆ. ಬಿಡುವಾಗ ಅದೇ ಪಟ್ಟಿ ಹಿಡಿದು ಮತ್ತೆ ನೋಡುತ್ತೇವೆ. ಕೆಟ್ಟಿದ್ದಕ್ಕೆ ಮಾತ್ರ ದುಡ್ಡು ಹಿಡಿಯುವುದು. ಉಳಿದದ್ದನ್ನು ಏಳು ದಿನದೊಳಗೆ ವಾಪಸ್ ಕೊಡಬೇಕು.

ಈಗ ಮನೆಯಲ್ಲಿರುವ ಬಾಡಿಗೆದಾರರಿಗೆ ಇದು ಅನ್ವಯಿಸುವುದಿಲ್ಲ. ಅವರ 11 ತಿಂಗಳ ಅಗ್ರಿಮೆಂಟ್ ಮುಗಿಯುವವರೆಗೆ ಹಳೆಯದೇ ನಡೆಯುತ್ತದೆ. ರಿನ್ಯೂ ಮಾಡುವಾಗ ನಿಮ್ಮನ್ನು ಕೇಳಿಯೇ ಮುಂದುವರಿಯುತ್ತೇವೆ.

ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಹೊಸದೇನಲ್ಲ. ಬೇರೆ ಊರಿನಿಂದ ಬಂದವರು ಇದನ್ನು ಕೇಳಿ ಬೆಚ್ಚಿಬೀಳುತ್ತಾರೆ. ನಮಗೆ ಅದು ಅಭ್ಯಾಸವಾಗಿಬಿಟ್ಟಿದೆ, ಅಷ್ಟೆ. 25,000 ಬಾಡಿಗೆಯ ಮನೆ ಅಂದರೆ ಎರಡೂವರೆ ಲಕ್ಷ. ಆ ದುಡ್ಡು ಬಂದಾಗ ಖುಷಿ. ಮೆಟ್ಟಿಲಿಗೆ ಗ್ರಾನೈಟ್ ಹಾಕಿಸುತ್ತೇವೆ, ಮಗಳ ಕಾಲೇಜಿನ ಫೀಸ್ ಕಟ್ಟುತ್ತೇವೆ, ಊರಿನ ಜಮೀನಿಗೆ ಬೋರ್ ಕೊರೆಸುತ್ತೇವೆ. ತಪ್ಪೇನೂ ಇಲ್ಲ. ಆದರೆ ಬಾಡಿಗೆದಾರರು ಬಿಡುತ್ತೇವೆ ಅಂದಾಗ ಎರಡೂವರೆ ಲಕ್ಷವನ್ನು ಒಟ್ಟಿಗೆ ಎಣಿಸಬೇಕು. ಆಗ ಹೆಚ್ಚಿನವರು ಹೇಳುವುದು ಒಂದೇ: ಹೊಸಬರು ಬರಲಿ, ಅವರ ಅಡ್ವಾನ್ಸ್ ಬಂದ ತಕ್ಷಣ ಕೊಡುತ್ತೇವೆ.

ಏಪ್ರಿಲ್, ಮೇನಲ್ಲಿ ಈ ಲೆಕ್ಕ ಹೇಗೋ ನಡೆದುಹೋಗುತ್ತದೆ. ಮಕ್ಕಳ ಶಾಲೆ ಬದಲಾಗುವ ಸಮಯ. ಟು ಲೆಟ್ ಬೋರ್ಡ್ ನೇತುಹಾಕಿದ ವಾರದಲ್ಲೇ ಫೋನ್ ಬರುತ್ತವೆ. ಆಷಾಢದಲ್ಲಿ ನೋಡಿ. ಮನೆ ನೋಡಲು ಬರುತ್ತಾರೆ, ಇಷ್ಟವಾಯ್ತು ಅನ್ನುತ್ತಾರೆ, ‘ಶ್ರಾವಣದಲ್ಲಿ ಹಾಲುಕ್ಕಿಸ್ತೀವಿ’ ಅಂತ ಹೊರಟುಹೋಗುತ್ತಾರೆ. ಪಿತೃಪಕ್ಷದಲ್ಲೂ ಇದೇ ಕಥೆ. ಇತ್ತ ಹಳೆಯ ಬಾಡಿಗೆದಾರರು ಆಫೀಸ್ ವರ್ಗಾವಣೆಯಿಂದಲೋ ಮತ್ತೊಂದರಿಂದಲೋ ಮನೆ ಬಿಟ್ಟಾಗಿದೆ. ಅವರು ಹೋಗುವ ಮನೆಯ ಮಾಲೀಕರೂ ಅಡ್ವಾನ್ಸ್‌ಗೆ ಕಾಯುತ್ತಿದ್ದಾರೆ. ನಮ್ಮ ಕಡೆ ದುಡ್ಡು ನಿಂತರೆ ಅಲ್ಲೂ ನಿಲ್ಲುತ್ತದೆ. ಆಮೇಲೆ ಶುರುವಾಗುವ ಫೋನ್‌ಗಳ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ.

ಇದರ ಇನ್ನೊಂದು ಮುಖ ಮಾಲೀಕರನ್ನೇ ಕಾಡುತ್ತದೆ. ಅಡ್ವಾನ್ಸ್ ಸರಿಯಾಗಿ ವಾಪಸ್ ಬರುವುದಿಲ್ಲ ಎನ್ನುವ ಭಯ ಇರುವವರು ಏನು ಮಾಡುತ್ತಾರೆ? ಬಿಡುವ ನಾಲ್ಕೈದು ತಿಂಗಳ ಮುಂಚಿನಿಂದಲೇ ಬಾಡಿಗೆ ಕೊಡುವುದನ್ನು ನಿಲ್ಲಿಸುತ್ತಾರೆ. ಕೇಳಿದರೆ ‘ಅಡ್ವಾನ್ಸಲ್ಲಿ ಮುರ್ಕೊಳ್ಳಿ’ ಎನ್ನುತ್ತಾರೆ. ಆ ದುಡ್ಡನ್ನು ನೀವು ಖರ್ಚು ಮಾಡಿಯಾಗಿದೆ, ಬಾಡಿಗೆಯೂ ಬರುತ್ತಿಲ್ಲ, ಮನೆ ಸಾಲದ ಕಂತು ಮಾತ್ರ ಐದನೇ ತಾರೀಖು ತಪ್ಪದೆ ಕಟ್ ಆಗುತ್ತದೆ. ದೊಡ್ಡ ಅಡ್ವಾನ್ಸ್ ಇದ್ದರೆ ಮಾಲೀಕರು ಸೇಫ್ ಎಂದುಕೊಳ್ಳುತ್ತೇವಲ್ಲ, ಈ ತಿಂಗಳುಗಳಲ್ಲಿ ಆ ಮಾತು ಎಷ್ಟು ನಿಜ ಎಂದು ಯೋಚಿಸಿ.

ಇನ್ನು ಗೋಡೆಯ ವಿಷಯ. ನಮ್ಮ ಕೆಲಸದಲ್ಲಿ ಅತಿ ಹೆಚ್ಚು ಹೊತ್ತು ತಿನ್ನುವುದು ಇದೇ.

ಎರಡು ಬೆಡ್‌ರೂಮಿನ ಮನೆ. ಸಾಮಾನು ಸಾಗಿಸುವ ಹುಡುಗರು ಚಿಕ್ಕ ರೂಮಿನ ಬೀರು ಸರಿಸುತ್ತಾರೆ. ಹಿಂದೆ ಗೋಡೆಯ ತುಂಬ ಕಪ್ಪು ಬೂಷ್ಟು. ಕೆಳಗಿನಿಂದ ಮೊಣಕಾಲಿನೆತ್ತರದವರೆಗೆ ಪೇಂಟ್ ಉಬ್ಬಿ ಹಪ್ಪಳದಂತೆ ನಿಂತಿದೆ. ಬೆರಳಿನಿಂದ ಮುಟ್ಟಿದರೆ ಪುಟ್ಟಿ ಉದುರುತ್ತದೆ. ಮಾಲೀಕರು ವಿಡಿಯೊ ಕಾಲ್‌ನಲ್ಲಿ, ‘ಕಿಟಕಿ ತೆಗೆಯದೆ ಇಟ್ಟಿದ್ದಕ್ಕೇ ಹೀಗಾಗಿದ್ದು’ ಎನ್ನುತ್ತಾರೆ. ಬಾಡಿಗೆದಾರರು, ‘ನಾವು ಬರುವಾಗಲೇ ಇತ್ತು ಸಾರ್, ಅದಕ್ಕೇ ಅಲ್ಲಿ ಬೀರು ಇಟ್ಟಿದ್ದು’ ಎನ್ನುತ್ತಾರೆ. ಗೋಡೆಯ ಆ ಕಡೆ ಬಾತ್‌ರೂಮ್. ನಲ್ಲಿಯ ಪೈಪ್ ಎಲ್ಲೋ ಒಳಗೆ ಜಿನುಗುತ್ತಿದೆ ಎಂದು ಪ್ಲಂಬರ್ ಬಂದ ಮೇಲೆ ಗೊತ್ತಾಗುತ್ತದೆ. ಯಾವಾಗಿನಿಂದ? ಅದನ್ನು ಅವನೂ ಹೇಳಲಾರ. ಬರುವ ದಿನ ತೆಗೆದ ಒಂದು ಫೋಟೊ ಇದ್ದಿದ್ದರೆ ಎರಡು ನಿಮಿಷದ ಮಾತು.

ಅದಕ್ಕೇ ನಮ್ಮ ಕೆಲಸದ ಭಾರವನ್ನು ಮನೆ ಬಿಡುವ ದಿನದಿಂದ ಮನೆಗೆ ಬರುವ ದಿನಕ್ಕೆ ಸಾಗಿಸುತ್ತಿದ್ದೇವೆ. ಹಾಲುಕ್ಕಿಸುವ ಮೊದಲು, ಸಾಮಾನು ಒಳಗೆ ಬರುವ ಮೊದಲು, ಖಾಲಿ ಮನೆಯಲ್ಲಿ ನಮ್ಮವರು ಬಾಡಿಗೆದಾರರ ಜೊತೆ ಓಡಾಡುತ್ತಾರೆ. ಪ್ರತಿ ಗೋಡೆಯ ಫೋಟೊ. ನಲ್ಲಿಗಳನ್ನೆಲ್ಲ ಬಿಟ್ಟು ನೋಡುವುದು. ಗೀಸರ್ ಹಾಕಿ ಹತ್ತು ನಿಮಿಷ ಕಾಯುವುದು. ಅಡುಗೆಮನೆ ಕಟ್ಟೆಯ ಕಲ್ಲಿನಲ್ಲಿ ಕಲೆ, ಬಿರುಕು ಇದೆಯಾ, ಸಿಂಕಿನ ಕೆಳಗೆ ತೇವ ಇದೆಯಾ, ಬಾಗಿಲ ಚಿಲಕ ಸರಿಯಾಗಿ ಕೂರುತ್ತದಾ, ಸೊಳ್ಳೆ ಪರದೆ ಹರಿದಿದೆಯಾ, ಹಳೆಯ ಮೊಳೆಗಳು ಎಷ್ಟಿವೆ. ಕೊನೆಗೆ ಕರೆಂಟ್ ಮೀಟರಿನ ಫೋಟೊ. ಎಲ್ಲವೂ ತಾರೀಖಿನ ಸಮೇತ ನಿಮ್ಮ ವಾಟ್ಸಾಪ್‌ಗೂ ಅವರ ವಾಟ್ಸಾಪ್‌ಗೂ ಬರುತ್ತದೆ. ಅಗ್ರಿಮೆಂಟಿನ ಜೊತೆಗೆ ಪ್ರಿಂಟ್ ಸೇರಿಸುತ್ತೇವೆ.

ಪೇಂಟಿಂಗ್ ದುಡ್ಡು ಬಿಟ್ಟುಕೊಡುವುದು ಹಲವರಿಗೆ ಕಷ್ಟವಾಗಬಹುದು. ಸ್ವಲ್ಪ ಬಿಡಿಸಿ ಹೇಳುತ್ತೇವೆ. ನಾಲ್ಕು ವರ್ಷ ಇದ್ದವರಿಗೂ ಎಂಟು ತಿಂಗಳು ಇದ್ದವರಿಗೂ ಒಂದೇ ತಿಂಗಳ ಬಾಡಿಗೆ ಹಿಡಿಯುವುದು ಯಾವ ಲೆಕ್ಕ? ಗೋಡೆಯ ಬಣ್ಣ ಯಾರೂ ಇಲ್ಲದಿದ್ದರೂ ಮಾಸುತ್ತದೆ. ಸುಮ್ನೆ ಹಿಡಿದುಕೊಂಡು ಪೇಂಟ್ ಮಾಡಿಸದೆಯೇ ಮುಂದಿನವರಿಗೆ ಕೊಡುವ ಮಾಲೀಕರೂ ಇದ್ದಾರೆ. ನಿಮ್ಮಲ್ಲಿ ಯಾರೂ ಇಲ್ಲ ಎಂದುಕೊಂಡಿದ್ದೇವೆ! ಇನ್ನೊಂದು ಮಾತು. ಆದಾಯ ತೆರಿಗೆಯಲ್ಲಿ ಬಾಡಿಗೆಯಿಂದ ಆಸ್ತಿ ತೆರಿಗೆ ಕಳೆದ ಮೇಲೆ ಉಳಿಯುವ ಮೊತ್ತದಲ್ಲಿ 30 ಪರ್ಸೆಂಟ್ ಅನ್ನು ಸರ್ಕಾರವೇ ಬಿಟ್ಟುಕೊಡುತ್ತದೆ. ನೀವು ರಿಪೇರಿ ಮಾಡಿಸಿ, ಬಿಡಿ, ಬಿಲ್ ಕೇಳುವುದಿಲ್ಲ. ಸುಣ್ಣ ಬಣ್ಣ ಮಾಲೀಕರ ಖರ್ಚು ಎಂದು ಆ ಲೆಕ್ಕದಲ್ಲಿ ಆಗಲೇ ಸೇರಿದೆ. ಅದೇ ಖರ್ಚನ್ನು ಬಾಡಿಗೆದಾರರಿಂದ ಮತ್ತೊಮ್ಮೆ ವಸೂಲಿ ಮಾಡುವುದು ನಮಗಂತೂ ಸರಿ ಕಾಣುವುದಿಲ್ಲ.

ಹಾಗಂತ ಮಗು ಕ್ರೇಯಾನ್ ಹಿಡಿದು ಹಾಲ್ ತುಂಬ ಚಿತ್ರ ಬಿಡಿಸಿದರೆ, ಟಿವಿ ಕೂರಿಸಲು ಗೋಡೆ ಕೊರೆದು ಹಾಗೇ ಬಿಟ್ಟರೆ, ಅದು ಮಾಸಿದ್ದಲ್ಲ, ಕೆಟ್ಟಿದ್ದು. ಅದಕ್ಕೆ ಪೇಂಟರ್ ಕೊಟ್ಟ ಬಿಲ್ಲಿನಷ್ಟು ಹಿಡಿಯುತ್ತೇವೆ. ನಲ್ಲಿಯ ವಾಷರ್, ಬಲ್ಬ್ ಇಂಥ ಸಣ್ಣಪುಟ್ಟದ್ದು ಬಾಡಿಗೆದಾರರದ್ದು. ಪೈಪ್, ವೈರಿಂಗ್, ಸಂಪಿನ ಮೋಟರ್, ಸೀಪೇಜ್ ಮಾಲೀಕರದ್ದು. ಇದು ಅಗ್ರಿಮೆಂಟಿನಲ್ಲೇ ಇರುತ್ತದೆ.

ಬರವಣಿಗೆಗೆ ಇಷ್ಟು ಒತ್ತು ಯಾಕೆ ಎಂದು ಕೇಳಬಹುದು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಂಥ ಊರಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಜಾಸ್ತಿ ಬಾಡಿಗೆಯ ಮನೆಗಳಿಗೆ ಅನ್ವಯಿಸುವುದಿಲ್ಲ. ಈಗ ಆ ಬಾಡಿಗೆಗೆ ಒಂದು ರೂಮೂ ಸಿಗುವುದು ಕಷ್ಟ. ಹಾಗಾಗಿ ನಿಮ್ಮ ಮನೆಗೆ ಮುಖ್ಯವಾಗಿ ಅನ್ವಯಿಸುವುದು ನೀವು ಸಹಿ ಹಾಕಿದ ಆ ನಾಲ್ಕು ಹಾಳೆ. ಅದರಲ್ಲಿ ನೋಟಿಸ್ ಬಗ್ಗೆ ಏನೂ ಬರೆಯದಿದ್ದರೆ ತಿಂಗಳ ಬಾಡಿಗೆಗೆ ಹಳೆಯ ಆಸ್ತಿ ವರ್ಗಾವಣೆ ಕಾಯ್ದೆಯ 15 ದಿನದ ನೋಟಿಸೇ ಗತಿ. ನಾವು ಎರಡು ತಿಂಗಳು ಎಂದು ಬರೆಸುತ್ತೇವೆ. ಅಡ್ವಾನ್ಸ್‌ಗೆ ಬಂದರೆ, ಕೇಂದ್ರ ಸರ್ಕಾರ 2021ರಲ್ಲಿ ರಾಜ್ಯಗಳಿಗೆ ಕಳಿಸಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ಬೇಡ ಎಂದಿದೆ. ಅದು ಬರೀ ಮಾದರಿ. ರಾಜ್ಯ ತನ್ನದೇ ಕಾನೂನು ಮಾಡಿದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಆದರೂ ಗಾಳಿ ಯಾವ ಕಡೆಗಿದೆ ಎನ್ನುವುದು ಕಾಣುತ್ತದಲ್ವಾ?

ನಾವು ಎರಡಕ್ಕೆ ಇಳಿಯದೆ ಮೂರರಲ್ಲಿ ನಿಂತಿದ್ದಕ್ಕೆ ಕಾರಣವಿದೆ. ‘ಬಾಡಿಗೆ ಕೊಡದೆ ಕೂತುಬಿಟ್ಟರೆ?’ ಎನ್ನುವ ಪ್ರಶ್ನೆ ನಿಮ್ಮ ತಲೆಯಲ್ಲಿ ಬಂದಿರುತ್ತದೆ. ಬಾಡಿಗೆ ಐದರೊಳಗೆ ಬರದಿದ್ದರೆ ಫೋನ್ ಮಾಡುತ್ತೇವೆ. ಹತ್ತರ ಹೊತ್ತಿಗೆ ಮನೆಗೇ ಹೋಗುತ್ತೇವೆ. ಎರಡನೇ ತಿಂಗಳೂ ತಪ್ಪಿದರೆ ವಕೀಲರ ನೋಟಿಸ್. ಆ ಹೊತ್ತಿಗೂ ನಿಮ್ಮ ಕೈಯಲ್ಲಿ ಒಂದು ತಿಂಗಳಿನದು ಉಳಿದಿರುತ್ತದೆ. ಖಂಡಿತ ಹತ್ತು ತಿಂಗಳಷ್ಟು ಧೈರ್ಯ ಇದರಲ್ಲಿ ಸಿಗುವುದಿಲ್ಲ. ಹಟ ಹಿಡಿದು ಕೂರುವವರನ್ನು ಕೋರ್ಟಿನ ಮೂಲಕ ಎಬ್ಬಿಸಲು ಹತ್ತು ತಿಂಗಳೂ ಸಾಲುವುದಿಲ್ಲ ಎನ್ನುವುದು ಬೇರೆ ಮಾತು. ಅಂಥವರು ಬರದ ಹಾಗೆ ನೋಡಿಕೊಳ್ಳುವುದೇ ದಾರಿ. ಕೆಲಸದ ಗುರುತಿನ ಚೀಟಿ ನೋಡುತ್ತೇವೆ, ಹಿಂದಿನ ಮನೆಯ ಮಾಲೀಕರಿಗೆ ಫೋನ್ ಮಾಡಿ ವಿಚಾರಿಸುತ್ತೇವೆ. ಅಡ್ವಾನ್ಸ್ ಕಮ್ಮಿ ಇದ್ದರೆ ಮನೆ ಕೇಳಿಕೊಂಡು ಬರುವವರೂ ಜಾಸ್ತಿ. ಆರಿಸಿಕೊಳ್ಳಲು ನಿಮಗೆ ಅವಕಾಶ ಇರುತ್ತದೆ.

ಅಡ್ವಾನ್ಸ್ ಎಂದಿನಂತೆ ನೇರವಾಗಿ ನಿಮ್ಮ ಖಾತೆಗೇ ಬರುತ್ತದೆ, ನಮ್ಮ ಕೈಗೆ ಬೇಡ. ದಯವಿಟ್ಟು ಅದನ್ನು ಬೇರೆ ಎಫ್‌ಡಿ ಮಾಡಿಡಿ. 75,000 ರೂಪಾಯಿ ಎತ್ತಿಡುವುದು ಎರಡೂವರೆ ಲಕ್ಷದಷ್ಟು ಕಷ್ಟವಲ್ಲ. ಬಡ್ಡಿ ನಿಮ್ಮದೇ.

ಮನೆ ಬಿಡುವ ದಿನದ ಪಟ್ಟಿಗೆ ಇನ್ನೆರಡು ಸೇರಿಸಿದ್ದೇವೆ. ಒಂದು ಗೃಹಜ್ಯೋತಿ. ಹಳೆಯ ಬಾಡಿಗೆದಾರರ ಆಧಾರ್ ನಿಮ್ಮ ಮನೆಯ ಮೀಟರಿಗೆ ಜೋಡಣೆಯಾಗಿಯೇ ಉಳಿದರೆ ಹೊಸಬರು ಅರ್ಜಿ ಹಾಕಲು ತೊಡಕಾಗುತ್ತದೆ. ಆಮೇಲೆ ಹಳಬರು ಫೋನ್ ಎತ್ತುವುದಿಲ್ಲ. ಆದ್ದರಿಂದ ಅವರು ಹೊರಡುವ ಮೊದಲೇ ಸೇವಾ ಸಿಂಧುವಿನಲ್ಲಿ ಜೋಡಣೆ ಬಿಡಿಸುತ್ತೇವೆ. ಎರಡನೆಯದು ನೀರಿನ ಬಾಕಿ. ಒಂದೇ ಕಾವೇರಿ ಮೀಟರನ್ನು ಮೂರ್ನಾಲ್ಕು ಮನೆ ಹಂಚಿಕೊಂಡಿರುವ ಕಡೆ ಪ್ರತಿ ಮನೆಗೂ ಪ್ರತ್ಯೇಕ ಸಣ್ಣ ಮೀಟರ್ ಹಾಕಿಸಿದರೆ ಒಳ್ಳೆಯದು. 2024ರ ಬೇಸಿಗೆಯಲ್ಲಿ ಟ್ಯಾಂಕರ್ ನೀರಿನ ದುಡ್ಡಿಗಾಗಿ ಮೇಲಿನ ಮನೆಗೂ ಕೆಳಗಿನ ಮನೆಗೂ ಆದ ಜಗಳಗಳು ನೆನಪಿರಬಹುದು.

ಹೊರದೇಶದಲ್ಲಿರುವ ಮಾಲೀಕರಿಗೆ ಒಂದು ಮಾತು. ನೀವು ಅನಿವಾಸಿಗಳಾಗಿದ್ದರೆ ಬಾಡಿಗೆ ಎಷ್ಟೇ ಇರಲಿ, ಬಾಡಿಗೆದಾರರು ತೆರಿಗೆ ಹಿಡಿದುಕೊಂಡೇ ಉಳಿದದ್ದನ್ನು ಕೊಡಬೇಕು. ಇಲ್ಲೇ ಇರುವ ಮಾಲೀಕರಿಗೆ ತಿಂಗಳಿಗೆ 50,000 ದಾಟಿದರೆ 2 ಪರ್ಸೆಂಟ್. ಇದನ್ನು ಹೊಸ ಅಗ್ರಿಮೆಂಟಿನಲ್ಲಿ ಮೊದಲೇ ಬರೆದುಬಿಡುತ್ತೇವೆ.

ನಮ್ಮ ತಿಂಗಳ ಶುಲ್ಕದಲ್ಲಿ ಬದಲಾವಣೆ ಇಲ್ಲ. ಬರುವಾಗ ಮತ್ತು ಬಿಡುವಾಗ ಮನೆ ನೋಡುವ ಕೆಲಸಕ್ಕೆ ಸೇರಿ 2,000 ರೂಪಾಯಿ ಹೊಸದಾಗಿ ಬರುತ್ತದೆ. ಇದು ನಿಮ್ಮ ಕಡೆಯಿಂದ. ಬಾಡಿಗೆದಾರರಿಂದ ತೆಗೆದುಕೊಂಡರೆ ಪಟ್ಟಿ ಯಾರ ಪರ ಬರೆದದ್ದು ಎನ್ನುವ ಅನುಮಾನ ಬರುತ್ತದೆ.

ಹಳೆಯ ಪದ್ಧತಿಯೇ ಬೇಕು ಎನ್ನುವವರಿಗೆ ನಮ್ಮ ಬಲವಂತವಿಲ್ಲ. ಮನೆ ನೋಡಿಕೊಳ್ಳುವುದನ್ನು ಬಿಡುವುದಿಲ್ಲ. ಆದರೆ ಹೊಸ ಬಾಡಿಗೆದಾರರನ್ನು ಹುಡುಕಿ ಅಗ್ರಿಮೆಂಟ್ ಮಾಡಿಸುವ ಕೆಲಸವನ್ನು ನೀವೇ ಮಾಡಿಕೊಳ್ಳಬೇಕಾಗುತ್ತದೆ.

ಒಪ್ಪಿಗೆ ಇದ್ದರೆ ನಿಮ್ಮ ಮನೆ ನಂಬರ್ ಹಾಕಿ ವಾಟ್ಸಾಪ್ ಮಾಡಿ, ಅಗ್ರಿಮೆಂಟಿನ ಕರಡು ಕಳಿಸುತ್ತೇವೆ. ಆಷಾಢದಲ್ಲಿ ಯಾರ ಮನೆ ಖಾಲಿ ಇರುತ್ತದೋ ಅವರು ಬೀಗದ ಕೈಯನ್ನು ನಮ್ಮ ಆಫೀಸಿಗೆ ತಲುಪಿಸಿ. ಬಾತ್‌ರೂಮಿನ ಪೈಪ್, ಟೆರೇಸಿನ ಬಿರುಕು ಇಂಥವನ್ನು ಆ ತಿಂಗಳಲ್ಲೇ ಮಾಡಿಸಿಬಿಡೋಣ. ಶ್ರಾವಣ ಬಂದರೆ ಪ್ಲಂಬರ್‌ಗಳು ಕೈಗೆ ಸಿಗುವುದಿಲ್ಲ.

ಇಂತಿ ನಿಮ್ಮ,
ಬಾಡಿಗೆ ಮನೆ ನೋಡಿಕೊಳ್ಳುವ ತಂಡ
ಬೆಂಗಳೂರು