ಮಗಳಿಗೊಂದು ಪತ್ರ: ತಪ್ಪು ನಿನ್ನ ತಮ್ಮನದಲ್ಲ

ಸಿಂಧನೂರು

ಪ್ರೀತಿಯ ಮಗಳೇ,

ಮನೆ ಕಂಪ್ಯೂಟರ್ ಸರಿಹೋಗಿದೆ. ಫಾರ್ಮ್ಯಾಟ್ ಮಾಡಿಸಲಿಲ್ಲ. ನನ್ನ ಲೆಕ್ಕದ ಫೈಲು, ನಿಮ್ಮವ್ವನ ಸ್ತ್ರೀಶಕ್ತಿ ಸಂಘದ ಪಟ್ಟಿ, ನಿನ್ನ ಪಿಯುಸಿ ನೋಟ್ಸು, ಎಲ್ಲ ಇದ್ದ ಹಾಗೇ ಇವೆ. ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನಗೆ ಇಂಟರ್ನಲ್ಸ್ ನಡೆಯುತ್ತಿವೆ. ಮೇಲಾಗಿ ಈ ಕಥೆಯಲ್ಲಿ ನಿನ್ನದೂ ಒಂದು ಪಾತ್ರ ಇದೆ. ಫೋನಿನಲ್ಲಾದರೆ ನೀನು ಅರ್ಧಕ್ಕೇ ‘ಅಪ್ಪಾ, ಅದು ಹಾಗಲ್ಲ’ ಅಂತ ಶುರು ಮಾಡುತ್ತೀಯ. ಪತ್ರದಲ್ಲಿ ನಾನು ಪೂರ್ತಿ ಮಾತಾಡಬಹುದು ನೋಡು.

ಬೇಸಿಗೆ ಭತ್ತದ ಸೀಸನ್ ನಿನಗೆ ಗೊತ್ತಲ್ವಾ. ಮಿಲ್ಲಿನ ಗೇಟಿನ ಹೊರಗೆ ಟ್ರ್ಯಾಕ್ಟರ್ ಸಾಲು ನಿಂತಿರುತ್ತದೆ. 75 ಕೆಜಿ ಚೀಲದ ಲೆಕ್ಕ, ತೂಕದ ಚೀಟಿ, ಯಾರಿಗೆ ಎಷ್ಟು ಅಡ್ವಾನ್ಸ್ ಹೋಗಿದೆ ಅನ್ನುವುದು, ಎಲ್ಲವನ್ನೂ ರಾತ್ರಿ ಮನೆಗೆ ಬಂದು ಕಂಪ್ಯೂಟರಿಗೆ ಏರಿಸುವುದು ನನ್ನ ರೂಢಿ. ಅವತ್ತೂ ಹಾಗೇ ಕೂತೆ. ನನ್ನ ಹೆಸರು ಒತ್ತಿ ಪಾಸ್‌ವರ್ಡ್ ಹಾಕಿದೆ. ಪರದೆ ಒಂದು ಕ್ಷಣ ಕಪ್ಪಾಯಿತು. ಮತ್ತೆ ಅದೇ ಲಾಗಿನ್ ಪರದೆ, ಅದೇ ಮೂರು ಹೆಸರು. ಮತ್ತೆ ಹಾಕಿದರೂ ಅದೇ ಕಥೆ.

ಅದಕ್ಕೆ ಮುಂಚೆ ನಿನ್ನ ತಮ್ಮ ಅದರ ಮುಂದೆ ಕೂತಿದ್ದ. ಸಾಕಲ್ಲ, ತೀರ್ಪು ಆಗಿಹೋಯಿತು. ‘ಇವನೇ ಏನೋ ಕಿತಾಪತಿ ಮಾಡಿದ್ದಾನೆ’ ಅಂದಳು ನಿಮ್ಮವ್ವ. ನೀನು ಫೋನಿನಲ್ಲಿ ‘ಪಾಸ್‌ವರ್ಡ್ ಬದಲಾಯಿಸಿರ್ತಾನೆ, ಕೊಡಪ್ಪ ಫೋನು ಅವನ ಕೈಗೆ’ ಅಂತ ಸರಿಯಾಗಿ ಬೈದೆ. ಅವನು ಊಟ ಬಿಟ್ಟು ಮಲಗಿದ. ಮರುದಿನ ಸಿಪಿಯುವನ್ನು ಬೈಕಿನ ಮೇಲಿಟ್ಟುಕೊಂಡು ರಿಪೇರಿ ಅಂಗಡಿಗೆ ಹೋದೆ. ಅಲ್ಲಿಯ ಹುಡುಗ ಸ್ವಿಚ್ ಕೂಡ ಹಾಕಿ ನೋಡಲಿಲ್ಲ. ‘ಓಎಸ್ ಹೋಗಿದೆ ಸಾರ್, ಫಾರ್ಮ್ಯಾಟ್ ಹೊಡೆದುಬಿಡೋಣ, ಪಾಸ್‌ವರ್ಡ್ ಬರೆದಿಟ್ಟು ಹೋಗಿ’ ಅಂದ. ಓಎಸ್ ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ಸಾಫ್ಟ್‌ವೇರ್. ಏನಾಗಿದೆ ಅಂತ ನೋಡದೆ ಎಲ್ಲ ಅಳಿಸುತ್ತೇನೆ ಅನ್ನುವವನಿಗೆ ನಮ್ಮ ಮನೆಯ ಪಾಸ್‌ವರ್ಡ್ ಏಕೆ ಕೊಡಬೇಕು? ವಾಪಸ್ ತಂದೆ.

ಮೊದಲು ಒಂದು ವಿಷಯ ತಿಳಿಯಬೇಕಿತ್ತು. ಕಂಪ್ಯೂಟರ್ ಪಾಸ್‌ವರ್ಡನ್ನು ಒಪ್ಪುತ್ತಿಲ್ಲವೋ, ಅಥವಾ ಒಪ್ಪಿಕೊಂಡ ಮೇಲೆ ಹೊರಗೆ ಹಾಕುತ್ತಿದೆಯೋ? ಬೇಕಂತಲೇ ತಪ್ಪು ಪಾಸ್‌ವರ್ಡ್ ಹಾಕಿದೆ. ‘ತಪ್ಪಾಗಿದೆ, ಮತ್ತೊಮ್ಮೆ ಹಾಕಿ’ ಅಂತ ಇಂಗ್ಲಿಷಿನಲ್ಲಿ ಬಂತು. ಸರಿಯಾದದ್ದು ಹಾಕಿದರೆ ಆ ಸಾಲು ಬರಲೇ ಇಲ್ಲ, ಬರೀ ಕಪ್ಪು ಪರದೆ, ಆಮೇಲೆ ವಾಪಸ್. ಅಂದರೆ ಪಾಸ್‌ವರ್ಡ್ ಸರಿ ಇದೆ, ಯಾರೂ ಬದಲಾಯಿಸಿಲ್ಲ. ಕೀಬೋರ್ಡ್ ಕನ್ನಡದ ಕಗಪ ವಿನ್ಯಾಸಕ್ಕೆ ಹೋಗಿದ್ದರೂ, ಕ್ಯಾಪ್ಸ್ ಲಾಕ್ ಹತ್ತಿದ್ದರೂ ತಪ್ಪು ಅಂತಲೇ ಬರುತ್ತಿತ್ತು. ಇಷ್ಟು ನೋಡಿದ್ದರೆ ಅವತ್ತು ರಾತ್ರಿಯೇ ನಿನ್ನ ತಮ್ಮ ನಿರಪರಾಧಿ ಅಂತ ಗೊತ್ತಾಗುತ್ತಿತ್ತು.

ಇನ್ನೊಂದು ಸುಳಿವು. ನನ್ನನ್ನು ಮಾತ್ರ ಅಲ್ಲ, ನಿಮ್ಮವ್ವನನ್ನೂ ತಮ್ಮನನ್ನೂ ಅದು ಹೊರಗೆ ಹಾಕುತ್ತಿತ್ತು. ಒಬ್ಬರಿಗೆ ಮಾತ್ರ ಹೀಗಾದರೆ ಅವರ ಫೈಲು, ಸೆಟ್ಟಿಂಗು ಇರುವ ಹೋಮ್ ಫೋಲ್ಡರಿನಲ್ಲಿ ಏನೋ ಕೆಟ್ಟಿದೆ ಅಂತ ಹುಡುಕಬೇಕು. ಎಲ್ಲರಿಗೂ ಆದರೆ ರೋಗ ಇಡೀ ಯಂತ್ರದ್ದು.

ನಮ್ಮದರಲ್ಲಿ ಈಗ ಇರುವುದು ವಿಂಡೋಸ್ ಅಲ್ಲ, ಲಿನಕ್ಸ್ ಅಲ್ವಾ. ನೀನು ದೀಪಾವಳಿಗೆ ಬಂದಾಗ ಅದರಲ್ಲಿ ತೋರಿಸಿದ್ದು ನೆನಪಿತ್ತು. ಕಂಟ್ರೋಲ್, ಆಲ್ಟ್ ಎರಡನ್ನೂ ಒತ್ತಿ ಹಿಡಿದು ಎಫ್3 ಒತ್ತಿದೆ. ಚಿತ್ರ ಗಿತ್ರ ಏನೂ ಇಲ್ಲದ ಕಪ್ಪು ಪರದೆ, ಬರೀ ಅಕ್ಷರ. ಅಲ್ಲಿ ಪಾಸ್‌ವರ್ಡ್ ಹೊಡೆದರೆ ಒಂದು ಚುಕ್ಕಿಯೂ ಕಾಣಲ್ಲ. ಕೀಲಿ ಕೆಲಸ ಮಾಡುತ್ತಿಲ್ಲವೇನೋ ಅಂದುಕೊಳ್ಳಬೇಕು, ಹಾಗಿರುತ್ತದೆ. ನನಗೋ ಅಂಕಿ ಹೊಡೆಯಲು ಬಲಗಡೆಯ ನಂಬರ್ ಪ್ಯಾಡೇ ಆಗಬೇಕು. ಅಲ್ಲಿ ನಂಬರ್ ಲಾಕ್ ಆರಿತ್ತು. ಮೇಲಿನ ಸಾಲಿನ ಅಂಕಿಗಳನ್ನು ಹುಡುಕಿ ಹುಡುಕಿ ಹೊಡೆದೆ. ಒಳಗೆ ಬಿಟ್ಟಿತು! ಚಿತ್ರದ ಪರದೆಯಲ್ಲಿ ಬಿಡದಿದ್ದದ್ದು ಇಲ್ಲಿ ಬಿಟ್ಟಿತು ಅಂದರೆ ಡಿಸ್ಕ್ ಬದುಕಿದೆ, ಓಎಸ್ ಎಲ್ಲೂ ಹೋಗಿಲ್ಲ.

ಮುಂದಿನದ್ದನ್ನು ಫೋನಿನಲ್ಲಿ ಹುಡುಕಿ ಓದುತ್ತಾ ಮಾಡಿದೆ. ಡಿಸ್ಕಿನಲ್ಲಿ ಜಾಗ ಎಷ್ಟಿದೆ ಅಂತ ಹೇಳುವ ‘ಡಿಎಫ್’ ಕಮಾಂಡ್ ಕೊಟ್ಟೆ. ಒಟ್ಟು 110 ಜಿಬಿ, ಬಳಕೆ 104, ಉಳಿದದ್ದು ಸೊನ್ನೆ, ಪಕ್ಕದಲ್ಲಿ 100 ಪರ್ಸೆಂಟ್. ಲೆಕ್ಕ ಬರೆಯುವವನ ಕಣ್ಣು ಅಲ್ಲೇ ನಿಂತಿತು. 110ರಲ್ಲಿ 104 ಕಳೆದರೆ 6 ಉಳಿಯಬೇಕು. ಸೊನ್ನೆ ಹೇಗೆ? ಆಮೇಲೆ ಗೊತ್ತಾಯಿತು, ಎಕ್ಸ್‌ಟಿ4 ಅನ್ನುವ, ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಫೈಲ್ ವ್ಯವಸ್ಥೆ ಮಾಮೂಲಿಯಾಗಿ ನೂರಕ್ಕೆ 5 ಭಾಗ ಜಾಗವನ್ನು ಯಂತ್ರದ ಮೇಲೆ ಪೂರ್ತಿ ಅಧಿಕಾರ ಇರುವ ರೂಟ್ ಬಳಕೆದಾರನಿಗೆ ಅಂತ ಎತ್ತಿಡುತ್ತದೆ. ನಮ್ಮಂಥ ಸಾಮಾನ್ಯ ಬಳಕೆದಾರರಿಗೆ ಡಿಸ್ಕ್ ತುಂಬಿದರೂ ಯಂತ್ರ ರಿಪೇರಿ ಮಾಡುವವನಿಗೆ ಕೈಯಾಡಿಸಲು ಒಂದಿಷ್ಟು ಜಾಗ ಇರಲಿ ಅಂತ. ಇದನ್ನು ಯೋಚಿಸಿದವನು ಜಾಣ, ನಿಜವಾಗಿ.

ಡಿಸ್ಕ್ ತುಂಬಿದರೆ ಲಾಗಿನ್ ಯಾಕೆ ಆಗಲ್ಲ ಅಂತ ನಿಮ್ಮವ್ವ ಕೇಳಿದಳು. ಒಳ್ಳೆ ಪ್ರಶ್ನೆ. ನಾವು ಒಳಗೆ ಹೋಗುವಾಗ ಕಂಪ್ಯೂಟರ್ ನಮ್ಮ ಹೋಮ್ ಫೋಲ್ಡರಿನಲ್ಲಿ ‘ಡಾಟ್ ಎಕ್ಸ್‌ಅಥಾರಿಟಿ’ ಅನ್ನುವ ಒಂದು ಸಣ್ಣ ಫೈಲ್ ಬರೆಯುತ್ತದೆ. ಈ ಪರದೆ ಬಳಸಲು ಇವರಿಗೆ ಅನುಮತಿ ಇದೆ ಅನ್ನುವುದಕ್ಕೆ ಅದೇ ಆಧಾರ. ಕೆಲವು ನೂರು ಬೈಟ್ ಕೂಡ ಇರಲ್ಲ. ಅದನ್ನು ಬರೆಯಲೂ ಜಾಗ ಇಲ್ಲದಿದ್ದರೆ ಡೆಸ್ಕ್‌ಟಾಪ್ ಶುರುವಾಗುವುದಿಲ್ಲ. ಪಾಸ್‌ವರ್ಡ್ ಒಪ್ಪಿಯೂ ವಾಪಸ್ ಕಳಿಸುವುದು ಇದಕ್ಕೇ. ‘ಜಾಗ ಇಲ್ಲ’ ಅಂತ ಒಂದು ಸಾಲು ಪರದೆ ಮೇಲೆ ಹಾಕಿದ್ದರೆ ಏನು ಗಂಟು ಹೋಗುತ್ತಿತ್ತೋ!

ಇನ್ನು ಜಾಗ ತಿಂದವರು ಯಾರು? ರೂಟ್ ಅಧಿಕಾರ ಕೊಡುವ ‘ಸುಡೊ’ ಸೇರಿಸಿ ‘ಡಿಯು’ ಕಮಾಂಡ್ ಕೊಟ್ಟು ಫೋಲ್ಡರುಗಳನ್ನು ತೂಗಿದೆ. ನಮ್ಮ ಮೂರೂ ಜನರ ಹೋಮ್ ಸೇರಿ 17 ಜಿಬಿ. ಉಳಿದ ಸಿಸ್ಟಮ್ 13. ಟೈಮ್‌ಶಿಫ್ಟ್ ಅನ್ನುವ ಒಂದೇ ಫೋಲ್ಡರ್ 74! ಗೋಡೌನ್ ಕಿಕ್ಕಿರಿದಿದೆ, ಆದರೆ ಯಾವ ರೈತನ ಖಾತೆಯಲ್ಲೂ ಆ ಚೀಲ ಇಲ್ಲ ಅಂದ ಹಾಗಾಯಿತು.

ಇಲ್ಲಿ ನಿನ್ನ ಪಾತ್ರ ಬರುತ್ತದೆ, ತಾಯಿ. ವಿಂಡೋಸ್ 10ಕ್ಕೆ ಸೆಕ್ಯೂರಿಟಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು, ನಮ್ಮ ಹಳೇ ಪೆಟ್ಟಿಗೆಯಲ್ಲಿ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಇಲ್ಲದ್ದಕ್ಕೆ ವಿಂಡೋಸ್ 11 ಹತ್ತಲ್ಲ ಅಂತ ಹೇಳಿ, 120 ಜಿಬಿ ಎಸ್‌ಎಸ್‌ಡಿ ಕೂರಿಸಿ ಲಿನಕ್ಸ್ ಮಿಂಟ್ ಹಾಕಿಕೊಟ್ಟವಳು ನೀನು. ಒಳ್ಳೆಯದೇ ಆಯಿತು, ಅದಕ್ಕೆ ನನ್ನ ತಕರಾರಿಲ್ಲ. ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲಿ ಅಂತ ನೀನೇ ಟೈಮ್‌ಶಿಫ್ಟ್ ಆನ್ ಮಾಡಿದೆ. ದಿನಕ್ಕೊಂದರಂತೆ 5, ವಾರಕ್ಕೊಂದರಂತೆ 3, ತಿಂಗಳಿಗೊಂದರಂತೆ 2 ಪ್ರತಿ ಇಡು ಅಂತ ಹೇಳಿಟ್ಟೆ. ಅಲ್ಲಿಯವರೆಗೂ ಸರಿ. ಟೈಮ್‌ಶಿಫ್ಟ್ ತಾನಾಗಿ ಹೋಮ್ ಫೋಲ್ಡರನ್ನು ಮುಟ್ಟುವುದಿಲ್ಲ. ಅಪ್ಪನ ಲೆಕ್ಕ ಭದ್ರವಾಗಿರಲಿ ಅಂತ ನೀನು ಹೋಮನ್ನೂ ಸೇರಿಸಿದ್ದೀಯ. ಅದೂ ಅದೇ ಡಿಸ್ಕಿನಲ್ಲಿ.

ಇದರ ಪರಿಣಾಮ ನೋಡು. ತಮ್ಮ ಒಂದು ಸಿನಿಮಾ ಇಳಿಸಿ ನೋಡುತ್ತಾನೆ, ಅಳಿಸುತ್ತಾನೆ. ಆದರೆ ಅವತ್ತಿನ ಸ್ನ್ಯಾಪ್‌ಶಾಟಿನಲ್ಲಿ (ಅವತ್ತು ಟೈಮ್‌ಶಿಫ್ಟ್ ತೆಗೆದಿಟ್ಟ ಪ್ರತಿ) ಅದೂ ಕೂತುಬಿಟ್ಟಿರುತ್ತದೆ. ಅದು ತಿಂಗಳ ಪ್ರತಿಯಾದರೆ ಇನ್ನೆರಡು ತಿಂಗಳು ಅಲ್ಲಾಡಲ್ಲ. ಪಾಪ, ಹುಡುಗ ನೀನು ಹೇಳಿಕೊಟ್ಟ ಹಾಗೆ ಟ್ರ್ಯಾಶ್ ಕೂಡ ಖಾಲಿ ಮಾಡಿದ್ದ. ಕೊನೆಯ ಒಂದೆರಡು ಜಿಬಿಯನ್ನು ಅವನ ಸಿನಿಮಾ ತುಂಬಿಸಿರಬಹುದು, ಇಲ್ಲ ಅನ್ನಲ್ಲ. ಆದರೆ ಆ 74 ಅವನ ಲೆಕ್ಕಕ್ಕೆ ಬರಲ್ಲ.

ಸ್ನ್ಯಾಪ್‌ಶಾಟ್ ಅಳಿಸುವಾಗಲೂ ಒಂದು ತಮಾಷೆ ಆಯಿತು. ಫೋಲ್ಡರನ್ನು ನೇರವಾಗಿ ಅಳಿಸುವುದಕ್ಕಿಂತ ಟೈಮ್‌ಶಿಫ್ಟಿನ ಕೈಯಿಂದಲೇ ಅಳಿಸುವುದು ಒಳ್ಳೆಯದು ಅಂತ ಓದಿದ್ದೆ. ಪಟ್ಟಿ ತೆಗೆದು ಎಲ್ಲಕ್ಕಿಂತ ಹಳೆಯದನ್ನು ಅಳಿಸಿದೆ. ದೊಡ್ಡ ಜಾಗ ಸಿಗುತ್ತದೆ ಅಂದುಕೊಂಡರೆ ಸಿಕ್ಕಿದ್ದು ಚೂರುಪಾರು. ಕಾರಣ ಹಾರ್ಡ್ ಲಿಂಕ್. ಬದಲಾಗದ ಫೈಲನ್ನು ಅದು ಪ್ರತಿ ಸಲ ಹೊಸದಾಗಿ ಬರೆಯುವುದಿಲ್ಲ. ಹಿಂದಿನ ಸ್ನ್ಯಾಪ್‌ಶಾಟಿನಲ್ಲಿರುವ ಅದೇ ಫೈಲಿಗೆ ಇನ್ನೊಂದು ಹೆಸರು ಕೊಟ್ಟು ಮುಂದೆ ಹೋಗುತ್ತದೆ. ಕೊನೆಯ ಹೆಸರು ಅಳಿಸುವವರೆಗೂ ಜಾಗ ಬಿಡುಗಡೆ ಆಗಲ್ಲ. ಹಾಗಾಗಿ ಒಂದೊಂದೇ ಅಳಿಸುತ್ತಾ ಬಂದೆ. ಒಂದು ಹಂತದಲ್ಲಿ ಒಮ್ಮೆಲೇ ಹತ್ತಾರು ಜಿಬಿ ಖಾಲಿಯಾಯಿತು. ಈಗ ಡಿಸ್ಕಿನಲ್ಲಿ ಸಾಕಷ್ಟು ಜಾಗ ಖಾಲಿ ಇದೆ. ಹೊಸ ಸ್ನ್ಯಾಪ್‌ಶಾಟ್ ಮಾತ್ರ ಉಳಿಸಿಕೊಂಡಿದ್ದೇನೆ.

ರೀಸ್ಟಾರ್ಟ್ ಮಾಡಿದೆ. ನಾನು ಒಳಗೆ ಹೋದೆ, ನಿಮ್ಮವ್ವನೂ ಹೋದಳು. ನಿನ್ನ ತಮ್ಮನನ್ನು ಮಾತ್ರ ಮತ್ತೆ ಹೊರಗೆ ಹಾಕಿತು! ಈಗ ಒಬ್ಬನಿಗೆ ಮಾತ್ರ, ಅಂದರೆ ಅವನ ಹೋಮ್ ಫೋಲ್ಡರ್ ನೋಡಬೇಕು. ನೋಡಿದರೆ ಅವನ ಎಕ್ಸ್‌ಅಥಾರಿಟಿ ಫೈಲಿನ ಮಾಲೀಕನ ಜಾಗದಲ್ಲಿ ರೂಟ್ ಅಂತ ಇದೆ. ಕರೆದು ಕೇಳಿದೆ. ನೆಲ ನೋಡುತ್ತಾ ಹೇಳಿದ. ಎಲ್ಲರೂ ಬೈದ ಸಿಟ್ಟಿಗೆ ತಾನೇ ಸರಿ ಮಾಡಿ ತೋರಿಸೋಣ ಅಂತ, ಯಾವುದೋ ವಿಡಿಯೊ ನೋಡಿ, ಕೆಟ್ಟ ಯಂತ್ರ ರಿಪೇರಿ ಮಾಡಲು ಇರುವ ರಿಕವರಿ ಮೋಡಿಗೆ ಹೋಗಿದ್ದಾನೆ. ಹಳೇ ಫೈಲ್ ಅಳಿಸಿ ಹೊಸದು ಮಾಡಿದ್ದಾನೆ. ಅಲ್ಲಿ ಮಾಡಿದ್ದೆಲ್ಲ ರೂಟ್ ಹೆಸರಿಗೆ ಆಗುತ್ತದೆ. ಆಮೇಲೆ ಅವನ ಫೈಲಿಗೆ ಅವನೇ ಬರೆಯುವ ಹಾಗಿಲ್ಲ. ಆ ವಿಡಿಯೊದ ಔಷಧಿ ಬೇರೆ ರೋಗಕ್ಕೆ ಸರಿ, ನಮ್ಮದು ಆ ರೋಗ ಆಗಿರಲಿಲ್ಲ. ‘ಚೌನ್’ ಕಮಾಂಡಿನಿಂದ ಮಾಲೀಕನ ಹೆಸರು ಬದಲಾಯಿಸಿದೆ, ಅವನೂ ಒಳಗೆ ಹೋದ. ನಾನು ಬೈಯಲಿಲ್ಲ. ಹತ್ತನೇ ಕ್ಲಾಸಿನ ಹುಡುಗ ಅಲ್ಲಿವರೆಗೆ ಹೋಗಿದ್ದಾನಲ್ಲ ಅಂತ ಒಳಗೊಳಗೇ ಖುಷಿಯೂ ಆಯಿತು.

ಆದರೆ ಒಂದು ಸಂಗತಿ ನನ್ನನ್ನು ಕೊರೆಯುತ್ತಿದೆ. ಆ ರಿಕವರಿ ಮೋಡಿನಲ್ಲಿ ಪಾಸ್‌ವರ್ಡ್ ಕೇಳಲೇ ಇಲ್ಲವಂತೆ. ಅಂದರೆ ಯಂತ್ರದ ಮುಂದೆ ಕೂತವನು ಯಾರ ಪಾಸ್‌ವರ್ಡ್ ಬೇಕಾದರೂ ಬದಲಾಯಿಸಬಹುದು, ಯಾರ ಫೈಲ್ ಬೇಕಾದರೂ ನೋಡಬಹುದು. ಸಂಘದ ಹೆಂಗಸರ ಪಾಸ್‌ಬುಕ್ ಫೋಟೊಗಳೆಲ್ಲ ಅದರಲ್ಲಿವೆ. ಇದಕ್ಕೆ ಡಿಸ್ಕ್ ಎನ್‌ಕ್ರಿಪ್ಟ್ ಮಾಡಬೇಕಂತೆ, ಅಂದರೆ ಪಾಸ್‌ವರ್ಡ್ ಇಲ್ಲದೆ ಓದಲಾಗದ ಹಾಗೆ. ಅದರ ಪಾಸ್‌ವರ್ಡ್ ಮರೆತರೆ ಡೇಟಾ ಯಾರಿಂದಲೂ ವಾಪಸ್ ಬರಲ್ಲ ಅಂತಲೂ ಓದಿದೆ. ನಿಮ್ಮವ್ವನ ಮರೆವು ನಿನಗೆ ಗೊತ್ತು. ಇದನ್ನು ನೀನು ಬಂದ ಮೇಲೆ ಕೂತು ಯೋಚಿಸೋಣ.

ಸದ್ಯಕ್ಕೆ ಟೈಮ್‌ಶಿಫ್ಟಿನಿಂದ ಹೋಮ್ ತೆಗೆದಿದ್ದೇನೆ. ವಾರಕ್ಕೊಂದು ಪ್ರತಿ, ಎರಡು ಮಾತ್ರ ಇಡು ಅಂತ ಮಾಡಿದ್ದೇನೆ. ಲೆಕ್ಕದ ಫೋಲ್ಡರನ್ನು ಪ್ರತಿ ಶನಿವಾರ ಪೆನ್‌ಡ್ರೈವಿಗೆ ಹಾಕುತ್ತೇನೆ. ಟೈಮ್‌ಶಿಫ್ಟಿಗೂ ಅದೇ ಪೆನ್‌ಡ್ರೈವ್ ತೋರಿಸಿದೆ, ಒಪ್ಪಲಿಲ್ಲ. ಲಿನಕ್ಸಿನದೇ ಫೈಲ್ ವ್ಯವಸ್ಥೆ ಇರಬೇಕಂತೆ. ಬರುವಾಗ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಾ, ದುಡ್ಡು ಹಾಕುತ್ತೇನೆ. ಮೂಲ ಇರುವ ಡಿಸ್ಕಿನಲ್ಲೇ ಪ್ರತಿಯನ್ನೂ ಇಟ್ಟರೆ, ಡಿಸ್ಕ್ ಸತ್ತ ದಿನ ಎರಡೂ ಹೋಗುತ್ತವೆ ಅಲ್ವಾ? ಇಂಜಿನಿಯರಿಂಗ್ ಓದುವವಳಿಗೆ ನಾನು ಹೇಳಬೇಕಾ ಅಂತ ಸಿಟ್ಟಾಗಬೇಡ.

ಯುಪಿಎಸ್ ಬ್ಯಾಟರಿಯನ್ನೂ ಬದಲಾಯಿಸಿದೆ. ಕರೆಂಟ್ ಹಠಾತ್ತಾಗಿ ಹೋಗಿ ಫೈಲ್ ವ್ಯವಸ್ಥೆಗೆ ಪೆಟ್ಟಾದರೆ ಡಿಸ್ಕ್ ಬರೀ ಓದುವ ಸ್ಥಿತಿಗೆ ಹೋಗುತ್ತದೆ, ಆಗಲೂ ಲಾಗಿನ್ ಹೀಗೇ ವಾಪಸ್ ಬರುತ್ತದೆ ಅಂತ ಓದಿದೆ. ಈ ಬಿಸಿಲಲ್ಲಿ ಅದೊಂದು ಬೇರೆ ಬೇಡ.

ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಳಿಸಿದ್ದೇವೆ. ರೂಮಿನವರಿಗೂ ಕೊಡು. ಪರೀಕ್ಷೆ ಮುಗಿದ ಮೇಲೆ ತಮ್ಮನಿಗೆ ನೀನೇ ಫೋನ್ ಮಾಡು. ನನ್ನ ಫೋನಿಗಲ್ಲ, ಅವ್ವನ ಫೋನಿಗೆ. ಸಂಜೆ ಅದು ಅವನ ಕೈಯಲ್ಲೇ ಇರುತ್ತದೆ. ಅವನು ನಿನ್ನ ಮೇಲೆ ಇನ್ನೂ ಮುನಿಸಿಕೊಂಡಿದ್ದಾನೆ, ನನ್ನ ಹತ್ತಿರ ಬಾಯಿ ಬಿಟ್ಟು ಹೇಳಲ್ಲ.

ನಿನ್ನ ಅಪ್ಪ