ಕಾರು ನಿನ್ನದಾಯಿತು, ಬಕೆಟ್ಟೂ ನಿನ್ನದೇ

ಮೈಸೂರು

ಚಿ. ಪುಟ್ಟಿಗೆ,

ನಿನ್ನ ಮಾಮನ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ. ನೀವೂ ಕ್ಷೇಮವೆಂದು ನಂಬಿದ್ದೇನೆ.

ವಾಟ್ಸಾಪಿನಲ್ಲಿ ನೀನು ಕಳಿಸಿದ ರೇಟಿನ ಚೀಟಿ ನೋಡಿದೆ. ಕಾರಿಗೆ ಒಳಗೂ ಹೊರಗೂ ಡೀಟೇಲಿಂಗ್, ಅಂದರೆ ಮೂಲೆಮೂಲೆ ತೊಳೆದು ಹೊಳೆಸೋದು, ಮೇಲೆ ಸೆರಾಮಿಕ್ ಕೋಟಿಂಗ್ ಅನ್ನುವ ಗಟ್ಟಿ ಲೇಪ, ಎಲ್ಲ ಸೇರಿ 22,000 ರೂಪಾಯಿ. ಮಾಡಿಸಲಾ ಅಂತ ಕೇಳಿದ್ದೀಯ. ಫೋನಿನಲ್ಲೇ ಹೇಳಿಬಿಡೋಣ ಅಂದುಕೊಂಡೆ. ಆದರೆ ಫೋನಿನಲ್ಲಿ ಹೇಳಿದ್ದಕ್ಕೆಲ್ಲ ನೀನು "ಹ್ಞೂಂ ಮಾಮ, ಹ್ಞೂಂ ಮಾಮ" ಅಂದು ಮರೆತುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಉತ್ತರ ಹೇಳಿಬಿಡುತ್ತೇನೆ: ಬೇಡ. ಕೋಟಿಂಗ್ ಅನ್ನೋದೇ ಮೋಸ ಅಂತ ನಾನು ಹೇಳುತ್ತಿಲ್ಲ. ಹೊಸ ಕಾರಿಗೆ, ಕೆಲಸ ಬಲ್ಲವರು ಹಾಕಿದರೆ ನೀರು ನಿಲ್ಲದೆ ಜಾರುತ್ತದೆ, ಕೊಳೆ ಬೇಗ ಬಿಡುತ್ತದೆ. ಆದರೆ ಆ ಅಂಗಡಿಯವನು "ಇನ್ನು ಗೀರೇ ಬೀಳಲ್ಲ ಮೇಡಂ" ಅಂದನಲ್ಲ, ಅದನ್ನು ಮಾತ್ರ ನಂಬಬೇಡ. ಮಣ್ಣು ಹಿಡಿದ ಬಟ್ಟೆಯಲ್ಲಿ ಉಜ್ಜಿದರೆ ಕೋಟಿಂಗ್ ಮೇಲೂ ಗೀರು ಬಿದ್ದೇ ಬೀಳುತ್ತದೆ. ಭಾವ ಇಷ್ಟು ವರ್ಷ ಓಡಿಸಿದ ಕಾರಿಗೆ ಅಷ್ಟು ದುಡ್ಡು ಸುರಿಯುವ ಬದಲು ಎರಡು ಹೊಸ ಟೈರ್ ಹಾಕಿಸು. ಮಿಕ್ಕ ಕೆಲಸ ನಿನ್ನ ಕೈಯಲ್ಲೇ ಆಗುತ್ತದೆ.

ಒಂದು ವಿಷಯ ತಲೆಯಲ್ಲಿಟ್ಟುಕೊ. ಕಾರಿನ ಬಣ್ಣ ಬಿಸಿಲಿಗೆ ಕೆಡುವುದಕ್ಕಿಂತ ಜಾಸ್ತಿ, ಅದನ್ನು ಒರೆಸುವವರ ಕೈಯಲ್ಲೇ ಕೆಡುತ್ತದೆ. ನಮ್ಮ ಕಾಲದ ಅಂಬಾಸಿಡರು, ಪದ್ಮಿನಿಗಳಿಗೆ ಬಣ್ಣದ ಮೇಲೆ ಬೇರೆ ಪದರ ಇರುತ್ತಿರಲಿಲ್ಲ. ಪಾಲಿಶ್ ಮಾಡಿದರೆ ಬಟ್ಟೆಗೆ ಕಾರಿನ ಬಣ್ಣವೇ ಮೆತ್ತಿಕೊಳ್ಳುತ್ತಿತ್ತು. ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಪಾರದರ್ಶಕ ಪದರ ಒಂದಿರುತ್ತದೆ. ಕ್ಲಿಯರ್ ಕೋಟ್ ಅನ್ನುತ್ತಾರೆ. ಹೆಚ್ಚೆಂದರೆ 40–50 ಮೈಕ್ರಾನ್ ದಪ್ಪ, ನಮ್ಮ ತಲೆಗೂದಲಿಗಿಂತ ತೆಳು. ಹೊಳಪು ಇರೋದೆಲ್ಲ ಅದರಲ್ಲೇ. ಕಂಪನಿಯಿಂದ ಬಂದಾಗ ಎಷ್ಟು ಇತ್ತೋ ಅಷ್ಟೇ. ಪ್ರತಿ ಸಲ ರಬ್ಬಿಂಗ್ ಪಾಲಿಶ್ ಮಾಡಿಸಿದಾಗಲೂ ಅದು ಸವೆಯುತ್ತದೆ, ಮತ್ತೆ ಬೆಳೆಯೋದಿಲ್ಲ.

ಇವತ್ತು ರಾತ್ರಿ ಕೆಳಗೆ ಪಾರ್ಕಿಂಗಿಗೆ ಹೋಗು. ಮೊಬೈಲ್ ಟಾರ್ಚ್ ಹಾಕಿ ಬಾನೆಟ್ ಮೇಲೆ ಹಿಡಿ. ಬೆಳಕಿನ ಸುತ್ತ ಜೇಡರ ಬಲೆಯಂತೆ ಸಣ್ಣ ಸಣ್ಣ ಗೀರು ಕಾಣುತ್ತವೆ. ಅದರಲ್ಲೂ ನಿಮ್ಮದು ಕಡು ನೀಲಿ, ಚೆನ್ನಾಗಿಯೇ ಕಾಣುತ್ತವೆ. ಅವು ರಸ್ತೆಯಲ್ಲಿ ಆದದ್ದಲ್ಲ. ದಿನಾ ಬೆಳಗ್ಗೆ ಒಣ ಧೂಳಿನ ಮೇಲೆ ಬಟ್ಟೆ ಎಳೆದು ಎಳೆದು ಆದದ್ದು.

ಹಾಗಂತ ನಾಳೆಯೇ ಕಾರು ಒರೆಸುವವನನ್ನು ಬಿಡಿಸಿಬಿಡಬೇಡ. ಅವನು ತಿಂಗಳ ದುಡ್ಡಿನಲ್ಲಿ ಸಂಸಾರ ನಡೆಸುವವನು. ಒಂದೇ ಬಕೆಟ್ ನೀರಿನಲ್ಲಿ ಹತ್ತು ಕಾರು ಒರೆಸು ಅಂತ ಕೂರಿಸಿದವರು ನಾವೇ ಅಲ್ವಾ? ನಿನ್ನದೇ ಎರಡು ಬಟ್ಟೆ ಕೊಡು. "ಅಣ್ಣ, ಗಾಜು, ಕನ್ನಡಿ, ಚಕ್ರ ಇಷ್ಟು ಮಾಡಿ ಸಾಕು, ಬಣ್ಣ ಮುಟ್ಟಬೇಡಿ" ಅನ್ನು. ದುಡ್ಡು ಎಂದಿನಂತೆ ಕೊಡು. ಕೆಲಸ ಕಮ್ಮಿಯಾಯಿತು ಅಂತ ಅವನೇನೂ ಬೇಜಾರು ಮಾಡಿಕೊಳ್ಳೋದಿಲ್ಲ.

ಇನ್ನು ನೀರು. ಬೆಂಗಳೂರು ಜಲಮಂಡಳಿ 2024ರ ಮಾರ್ಚ್‌ನಲ್ಲಿ, ಕುಡಿಯುವ ನೀರಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿತು. ಮಾರನೇ ವರ್ಷ ಫೆಬ್ರವರಿಯಲ್ಲೇ ಮತ್ತೆ ಅದೇ ಆದೇಶ ಬಂತು. ದಂಡದ ಮಾತು ಬಿಡು. ಆ ಕಾವೇರಿ ನೀರು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಆಗಿ ಬರುತ್ತದೆ. ಅದನ್ನು ಪೈಪ್ ಹಿಡಿದು ಟೈರಿಗೆ ಬಿಡೋದು ನನಗಂತೂ ಸರಿ ಕಾಣೋದಿಲ್ಲ. ಪೈಪ್ ಬಿಟ್ಟರೆ ಕಾಲು ಗಂಟೆಯಲ್ಲಿ ನೂರೈವತ್ತು ಲೀಟರ್ ಹೋಗುತ್ತದೆ. ಬಕೆಟ್ಟಿನಲ್ಲಿ ಮಾಡಿದರೆ ನಲವತ್ತರೊಳಗೆ ಮುಗಿಯುತ್ತದೆ.

ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಬೋರ್‌ವೆಲ್ ನೀರಿದೆ ಅಂದಿದ್ದೆ. ಅದಾಗುತ್ತದೆ. ಆದರೆ ಗಡಸು ನೀರು, ಕಾರಿನ ಮೇಲೆ ತಾನಾಗೇ ಒಣಗಲು ಬಿಡಬಾರದು. ಒಣಗಿದರೆ ಸುಣ್ಣದ ಬಿಳಿ ಚುಕ್ಕೆ ಕೂರುತ್ತದೆ. ಆರ್‌ಒ ಯಂತ್ರದಿಂದ ಹೊರಗೆ ಹೋಗುವ ನೀರನ್ನು ಹಿಡಿದಿಟ್ಟು ಕಾರು ತೊಳೆಯುವವರು ಬಹಳ ಜನ ಇದ್ದಾರೆ. ಉದ್ದೇಶ ಒಳ್ಳೆಯದೇ. ಆದರೆ ಯಂತ್ರ ಬೇಡ ಅಂತ ತೆಗೆದ ಲವಣವೆಲ್ಲ ಅದರಲ್ಲೇ ಇರುತ್ತದೆ. ಅದರಲ್ಲಿ ಚಕ್ರ ತೊಳೆ, ಮ್ಯಾಟ್ ತೊಳೆ, ಬಣ್ಣಕ್ಕೆ ಬೇಡ. ಅದರ ಬದಲು ಮನೆಯ ಎಸಿಯಿಂದ ತೊಟ್ಟಿಕ್ಕುವ ನೀರು ಹಿಡಿ. ಗಾಳಿಯ ತೇವವೇ ನೀರಾದದ್ದು, ಅದರಲ್ಲಿ ಲವಣ ಇಲ್ಲವೇ ಇಲ್ಲ ಅನ್ನಬಹುದು. ಬಿಳಿ ಬಟ್ಟೆಯಲ್ಲಿ ಸೋಸಿಟ್ಟುಕೊಂಡು ಕೊನೆಯ ಸಲ ಹಾಯಿಸು. ಗಾಜಿನ ಮೇಲೆ ಒಂದು ಕಲೆ ಉಳಿದರೆ ಕೇಳು! ಮಳೆ ನೀರು ಹಿಡಿದಿಟ್ಟಿದ್ದರೆ ಅದೂ ಆಗುತ್ತದೆ.

ಈಗ ತೊಳೆಯುವ ವಿಚಾರ. ಭಾನುವಾರ ಬೆಳಗ್ಗೆ ಎಂಟರೊಳಗೆ, ನೆರಳಿನಲ್ಲಿ. ಬಾನೆಟ್ ಮೇಲೆ ಅಂಗೈ ಇಡು. ಬಿಸಿ ಇದ್ದರೆ ಕಾಫಿ ಕುಡಿದು ಬಾ. ಬಿಸಿ ಲೋಹದ ಮೇಲೆ ಸೋಪು ಹಾಗೇ ಒಣಗಿ ಹಿಡಿದುಕೊಳ್ಳುತ್ತದೆ. ಚಕ್ರಗಳನ್ನು ಮೊದಲು ಮುಗಿಸು, ಅದಕ್ಕೆ ಬೇರೆಯೇ ಬಟ್ಟೆ, ಬೇರೆಯೇ ಬ್ರಶ್. ಚಕ್ರದ ಮೇಲಿನ ಕಪ್ಪು ಧೂಳು ಬ್ರೇಕಿನಿಂದ ಬಂದ ಕಬ್ಬಿಣದ ಪುಡಿ. ಆ ಬಟ್ಟೆ ತಪ್ಪಿಯೂ ಬಾಗಿಲ ಮೇಲೆ ಬರಕೂಡದು.

ಆಮೇಲೆ ಇಡೀ ಕಾರಿಗೆ ಮಗ್ಗಿನಲ್ಲಿ ಬರೀ ನೀರು ಹುಯ್ಯಿ, ಮೇಲಿನಿಂದ ಕೆಳಗೆ. ಒರೆಸಬೇಡ. ನೀರು ಮಣ್ಣನ್ನು ನೆನೆಸಲಿ. ಎರಡು ನಿಮಿಷ ಬಿಟ್ಟು ಇನ್ನೊಂದು ಸಲ ಹುಯ್ಯಿ. ಅರ್ಧ ಕೆಲಸ ಇಲ್ಲೇ ಆಗಿರುತ್ತದೆ, ಆದರೆ ಯಾರಿಗೂ ಇಷ್ಟು ತಾಳ್ಮೆ ಇರಲ್ಲ.

ಎರಡು ಬಕೆಟ್ ಬೇಕು. ಒಂದರಲ್ಲಿ ಕಾರ್ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಪಾತ್ರೆ ತೊಳೆಯುವ ಸೋಪು, ಬಟ್ಟೆ ಪುಡಿ ಎರಡೂ ಬೇಡ, ಬಣ್ಣದ ಮೇಲೆ ಹಚ್ಚಿದ ಮೇಣ, ಅದೇ ವ್ಯಾಕ್ಸ್, ಎಲ್ಲ ಕಿತ್ತುಕೊಂಡು ಹೋಗುತ್ತದೆ. ಕೈಗೆ ಗವಸಿನಂತೆ ಹಾಕಿಕೊಳ್ಳುವ, ನವಿರು ಎಳೆಗಳ ಮೈಕ್ರೋಫೈಬರ್ ಕೈಚೀಲ ಸಿಗುತ್ತದೆ, ಸ್ಪಂಜಿಗಿಂತ ಅದೇ ಒಳ್ಳೆಯದು. ಸ್ಪಂಜಿನ ಮುಖ ಚಪ್ಪಟೆ, ಮರಳು ಕಣ ಅದಕ್ಕೂ ಬಣ್ಣಕ್ಕೂ ನಡುವೆ ಸಿಕ್ಕಿ ಉದ್ದಕ್ಕೂ ಗೀಚುತ್ತದೆ. ಕೈಚೀಲದ ಎಳೆಗಳ ಒಳಗೆ ಕಣ ಹೋಗಿ ಅಡಗುತ್ತದೆ. ಶಾಂಪೂವಿನಲ್ಲಿ ಅದ್ದು. ಮೊದಲು ಟಾಪು, ಆಮೇಲೆ ಗಾಜು, ಬಾನೆಟ್, ಬಾಗಿಲಿನ ಮೇಲರ್ಧ. ಒಂದು ಭಾಗ ಆದ ಕೂಡಲೇ ಬರೀ ನೀರಿನ ಬಕೆಟ್ಟಿನಲ್ಲಿ ಕೈಚೀಲ ಜಾಲಿಸು, ಹಿಂಡು, ಆಮೇಲಷ್ಟೇ ಮತ್ತೆ ಶಾಂಪೂಗೆ. ಬಾಗಿಲಿನ ಕೆಳಭಾಗ, ಬಂಪರು ಕೊನೆಗೆ, ಮರಳೆಲ್ಲ ಇರೋದು ಅಲ್ಲೇ. ಗುಂಡಗೆ ತಿರುಗಿಸಬೇಡ, ನೇರ ಎಳೆ, ಭಾರ ಹಾಕಬೇಡ. ಕೈಚೀಲದ ತೂಕವೇ ಸಾಕು. ಎಲ್ಲ ಮುಗಿದ ಮೇಲೆ ಆ ಎರಡನೇ ಬಕೆಟ್ಟಿನ ನೀರು ನಿಧಾನವಾಗಿ ಬಗ್ಗಿಸಿ ತಳ ನೋಡು. ಕಪ್ಪು ಮರಳು ಕೂತಿರುತ್ತದೆ. ಒಂದೇ ಬಕೆಟ್ ಇಟ್ಟುಕೊಂಡಿದ್ದರೆ ಅಷ್ಟೂ ಕಾರಿನ ಮೈಮೇಲೆ ಓಡಾಡುತ್ತಿತ್ತು.

ಒರೆಸಲು ದಪ್ಪ ಮೈಕ್ರೋಫೈಬರ್ ಟವೆಲ್. ಹಾಸಿ, ಎರಡು ತುದಿ ಹಿಡಿದು ಮೆಲ್ಲಗೆ ಎಳೆ. ಭಾವನ ಹಳೇ ಬನಿಯನ್, ಪಂಚೆ ತುಂಡು ಎಲ್ಲ ಇನ್ನು ಸಾಕು. ಟವೆಲ್ ಕೆಳಗೆ ಬಿತ್ತೋ, ಅವತ್ತಿಗೆ ಅದು ಚಕ್ರದ ಬಟ್ಟೆ. ಒಗೆಯುವಾಗ ಬೇರೆ ಬಟ್ಟೆ ಜೊತೆ ಹಾಕಬೇಡ, ಘಮಘಮ ಅನ್ನುವ ಕಂಡೀಷನರೂ ಬೇಡ, ಎಳೆಗಳು ಮುಚ್ಚಿಹೋಗಿ ನೀರು ಹೀರೋದಿಲ್ಲ.

ಬೇಸಿಗೆಯಲ್ಲಿ ಇಷ್ಟೂ ನೀರು ಇಲ್ಲ ಅಂದರೆ ರಿನ್ಸ್‌ಲೆಸ್ ವಾಶ್ ಅಂತ ಬಾಟಲಿ ಸಿಗುತ್ತದೆ. ಹತ್ತು ಲೀಟರ್ ನೀರಿಗೆ ಒಂದೆರಡು ಮುಚ್ಚಳ ಹಾಕಿದರೆ ಇಡೀ ಕಾರು ಆಗುತ್ತದೆ, ಮತ್ತೆ ನೀರು ಹುಯ್ಯಬೇಕಾಗಿಲ್ಲ. ಬರೀ ಧೂಳಿಗೆ ಅದು ಸಾಕು. ಮಲೆನಾಡಿನಿಂದ ಕೆಮ್ಮಣ್ಣು ಮೆತ್ತಿಕೊಂಡು ಬಂದ ಕಾರಿಗೆ ಆಗಲ್ಲ. ಉಡುಪಿ, ಮುರುಡೇಶ್ವರದ ಕಡಲತೀರಕ್ಕೆ ಹೋಗಿಬಂದ ಮೇಲೆ ಮಾತ್ರ ಕಾರಿನ ಅಡಿ ತೊಳೆಸಲೇಬೇಕು, ಉಪ್ಪಿಗೆ ತುಕ್ಕು ಹಿಡಿಯುತ್ತದೆ. ಆದರೆ ಅಡಿಗೆ ಡೀಸೆಲ್ ಹೊಡೆಯುತ್ತೇವೆ ಅಂದರೆ ಬೇಡ ಅನ್ನು, ಅಡಿಯ ಕೀಲುಗಳಲ್ಲಿರುವ ರಬ್ಬರ್ ಬುಷ್ಷುಗಳು ಉಬ್ಬಿ ಹಾಳಾಗುತ್ತವೆ.

ಹಕ್ಕಿ ಹಿಕ್ಕೆಯನ್ನು ಭಾನುವಾರದ ತನಕ ಬಿಡಬೇಡ. ಅದರಲ್ಲಿ ಆಮ್ಲ ಇದೆ, ಬಿಸಿಲಿಗೆ ಸಿಕ್ಕರೆ ಕ್ಲಿಯರ್ ಕೋಟ್ ಕೊರೆಯುತ್ತದೆ. ಒದ್ದೆ ಟಿಶ್ಯೂ ಅದರ ಮೇಲೆ ಐದು ನಿಮಿಷ ಹಾಸಿಡು, ಆಮೇಲೆ ಎತ್ತು, ಉಜ್ಜಬೇಡ. ಮಾವು ಹೂ ಬಿಡುವ ಕಾಲದಲ್ಲಿ ಮಾವಿನ ಮರದ ಕೆಳಗೆ ನಿಲ್ಲಿಸಬೇಡ. ಜಿಗಿಹುಳ ಸುರಿಸುವ ಅಂಟು ಗಾಜಿನ ಮೇಲೆ ಕೂತರೆ ವೈಪರ್ ಕಿರುಗುಟ್ಟುತ್ತದೆ. ನೆರಳು ಬೇಕು ಅಂತ ಎಲ್ಲರೂ ಅಲ್ಲೇ ನಿಲ್ಲಿಸುತ್ತಾರೆ, ಆಮೇಲೆ ಎಲ್ಲರೂ ಬೈಯುತ್ತಾರೆ.

ಆಯುಧಪೂಜೆಗೆ ಅಕ್ಕ ಬಾನೆಟ್ ತುಂಬ ವಿಭೂತಿ, ಕುಂಕುಮ ಹಚ್ಚುತ್ತಾಳೆ ಅಂತ ನನಗೆ ಗೊತ್ತು. ಬೇಡ ಅಂತ ಜಗಳ ಆಡಬೇಡ, ಗೆಲ್ಲಲ್ಲ. ಗಾಜಿನ ಮೇಲೂ ನಂಬರ್ ಪ್ಲೇಟಿನ ಮೇಲೂ ಹಚ್ಚು ಅಮ್ಮ ಅನ್ನು. ಬಣ್ಣದ ಮೇಲೆ ಬಿದ್ದದ್ದನ್ನು ಮಾರನೇ ದಿನವೇ ನೀರು ಹುಯ್ದು ತೆಗೆ, ಒಣಗಿದ್ದನ್ನು ಕೈಯಲ್ಲಿ ಉಜ್ಜಬೇಡ. ಬಾಳೆಕಂದು, ಹಾರ ಕಟ್ಟಲು ದಾರ ಸಾಕು, ಟೇಪ್ ಅಂಟಿಸಬೇಡ.

ಆರು ತಿಂಗಳಿಗೊಮ್ಮೆ ಹೀಗೆ ಮಾಡು. ತೊಳೆದು ಒರೆಸಿದ ಮೇಲೆ ತೆಳು ಪ್ಲಾಸ್ಟಿಕ್ ಕವರಿನೊಳಗೆ ಕೈ ಹಾಕಿ ಬಾನೆಟ್ ಮೇಲೆ ಮೆಲ್ಲಗೆ ಸವರು. ಬರಿಗೈಗೆ ನುಣ್ಣಗಿದ್ದದ್ದು ಈಗ ಸಣ್ಣ ರವೆ ಚೆಲ್ಲಿದ ಹಾಗೆ ತಿಳಿಯುತ್ತದೆ. ಬ್ರೇಕ್ ಪುಡಿ, ಟಾರಿನ ಕಣ ಒಳಗೆ ಕಚ್ಚಿಕೊಂಡಿರುತ್ತವೆ. ಅದಕ್ಕೆ ಕ್ಲೇ ಬಾರ್ ಅಂತ ಜೇಡಿ ಮುದ್ದೆ ಬರುತ್ತದೆ. ಶಾಂಪೂ ನೀರು ಚಿಮುಕಿಸಿ, ಜಾರುವ ಹಾಗೆ ಇಟ್ಟುಕೊಂಡು ತಿಕ್ಕು. ಮುದ್ದೆ ನೆಲಕ್ಕೆ ಬಿದ್ದರೆ ಎಸೆದುಬಿಡು, ಎಷ್ಟೇ ದುಬಾರಿ ಆಗಿರಲಿ. ಆಮೇಲೆ ವ್ಯಾಕ್ಸ್ ತೆಳ್ಳಗೆ. ಕಾರ್ನಾಬಾ ವ್ಯಾಕ್ಸ್ ಬ್ರೆಜಿಲ್‌ನ ತಾಳೆ ಜಾತಿಯ ಮರದ ಎಲೆಯಿಂದ ಬರುತ್ತದೆ. ನಮ್ಮ ಬಿಸಿಲಿಗೆ ಒಂದೆರಡು ತಿಂಗಳು ನಿಲ್ಲುತ್ತದೆ. ನಿನ್ನ 22,000ದಲ್ಲಿ ಅಂಥ ಡಬ್ಬಿ ಎಷ್ಟು ಬರುತ್ತದೆ, ನೀನೇ ಲೆಕ್ಕ ಹಾಕು.

ಒಳಗಿನದು ಸುಲಭ. ವ್ಯಾಕ್ಯೂಮ್ ಹಿಡಿ, ಎಸಿ ಕಿಂಡಿಗಳಿಗೆ ಹಳೇ ಪೇಂಟ್ ಬ್ರಶ್, ಡ್ಯಾಶ್‌ಬೋರ್ಡಿಗೆ ಹಿಂಡಿದ ಒದ್ದೆ ಬಟ್ಟೆ. ಮಿರಮಿರ ಮಿಂಚುವ ಎಣ್ಣೆ ಪಾಲಿಶ್ ಹಚ್ಚಬೇಡ, ಬಿಸಿಲಲ್ಲಿ ಗಾಜಿನ ಮೇಲೆ ಪ್ರತಿಫಲಿಸಿ ರಸ್ತೆ ಕಾಣಲ್ಲ. ಸ್ಟಿಯರಿಂಗಿಗೂ ಪೆಡಲಿಗೂ ಅದು ತಾಕಲೇಬಾರದು. ಸೀಟಿನ ಕೆಳಗೆ ಹಳದಿ ವೈರು ಕಂಡರೆ ಅದು ಏರ್‌ಬ್ಯಾಗಿನದು, ಎಳೆಯಬೇಡ, ನೀರು ಹಾಕಬೇಡ. ಚುರುಮುರಿ, ಬಿಸ್ಕತ್ ಪುಡಿ ಒಂದು ಚೂರೂ ಬಿಡಬೇಡ. ಮಳೆಗಾಲದಲ್ಲಿ ಇಲಿ ಬರುತ್ತದೆ, ಬಂದ ಇಲಿ ವೈರು ಕಡಿಯದೆ ಹೋಗಲ್ಲ.

ಮುಖ್ಯವಾದದ್ದೊಂದು ಬಿಟ್ಟೇಹೋಗಿತ್ತು. ಬಾನೆಟ್ ಎತ್ತಿ, ವೈಪರಿನ ಬುಡದಲ್ಲಿರುವ ಪ್ಲಾಸ್ಟಿಕ್ ಜಾಲರಿ ನೋಡು. ಗುಲ್‌ಮೊಹರಿನ ಪುಡಿ ಎಲೆ, ಹೊಂಗೆ ಹೂವು ಅಲ್ಲೇ ಸೇರಿಕೊಳ್ಳುವುದು. ಅಡಿಯಲ್ಲಿ ನೀರು ಹೋಗುವ ತೂತು ಕಟ್ಟಿಕೊಂಡರೆ ಮಳೆ ನೀರು ಒಳಗೆ ಇಳಿದು ಕಾಲ್ಚಾಪೆ ಒದ್ದೆಯಾಗುತ್ತದೆ. ಎಲ್ಲಿಂದ ಸೋರುತ್ತಿದೆ ಅಂತ ಹುಡುಕಿ ಜನ ಬಾಗಿಲ ರಬ್ಬರೆಲ್ಲ ಬದಲಾಯಿಸುತ್ತಾರೆ. ಎಲೆ ಕೈಯಲ್ಲಿ ಬಾಚಿ ತೆಗೆದರೆ ಮುಗಿಯಿತು. ಬಾಗಿಲುಗಳ ಅಡಿ ಅಂಚಿನಲ್ಲೂ ಅಂಥ ತೂತುಗಳಿವೆ, ಕಡ್ಡಿ ಹಾಕಿ ಬಿಡಿಸು. ಆದರೆ ಎಂಜಿನ್ ಮೇಲೆ ಜೋರು ನೀರು ಬಿಡಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ತೊಳೆದ ಮೇಲೆ ಹಾಗೇ ನಿಲ್ಲಿಸದೆ ಒಂದು ಸುತ್ತು ಹೋಗಿ ಬಾ. ನಿಧಾನಕ್ಕೆ ಬ್ರೇಕ್ ಒತ್ತುತ್ತಾ ಹೋಗು, ಡಿಸ್ಕ್ ಒಣಗಲಿ.

ಹೆಡ್‌ಲೈಟ್ ಹಳದಿಯಾಗಿದೆ ಅಂದಿದ್ದೆ. ಟೂತ್‌ಪೇಸ್ಟ್ ಹಚ್ಚಿ ಹೊಳೆಸುವ ವಿಡಿಯೋ ನೋಡಿ ಶುರು ಮಾಡಬೇಡ, ಸ್ವಲ್ಪ ದಿನದಲ್ಲೇ ಮತ್ತೆ ಹಳದಿ. ವಾಟರ್ ಪೇಪರ್, ಅಂದರೆ ಒದ್ದೆ ಮಾಡಿ ತಿಕ್ಕುವ ಉಪ್ಪುಕಾಗದ, ಅದರಲ್ಲಿ 1000, 2000, 3000 ನಂಬರು ಅಂತ ಹಂತಹಂತವಾಗಿ ಇನ್ನೂ ನಯವಾದದ್ದು ಹಿಡಿದು ತಿಕ್ಕಿ, ಮೇಲೆ ಬಿಸಿಲು ತಡೆಯುವ ಕೋಟಿಂಗ್ ಹಾಕಬೇಕು. ದಸರಾಕ್ಕೆ ಬರುತ್ತೀಯಲ್ಲ, ಕಾರಲ್ಲೇ ಬಾ, ಇಬ್ಬರೂ ಕೂತು ಮಾಡೋಣ. ಜೆ.ಸಿ. ರಸ್ತೆಯ ಕಾರಿನ ಸಾಮಾನಿನ ಅಂಗಡಿಗಳ ಕಡೆ ಹೋದರೆ 3000 ನಂಬರಿನದು ಎರಡು ಹಾಳೆ ತಾ, ಮಿಕ್ಕಿದ್ದು ನನ್ನ ಹತ್ತಿರ ಇದೆ. ಅಕ್ಕನಿಗೂ ಭಾವನಿಗೂ ನನ್ನ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಮಾಮ